ಓದೋ ಅಕ್ಕನ ಮೂವತ್ತೆಂಟು ಡಿಸ್ಕುಗಳು

ನಮ್ಮ ಗ್ರಂಥಾಲಯದಲ್ಲಿ ನನಗೆ ‘ಕತ್ತರಿ’ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಗೋಡೆಗೂ ಕಿವಿ ಇರುವಾಗ ನನಗೆ ಇರುವುದಿಲ್ಲವೇ? ನಾನು ಸ್ಟೋರಿನ ಗುಮಾಸ್ತ. ಪೊರಕೆಯಿಂದ ಹಿಡಿದು ಪ್ರಿಂಟರಿನ ಶಾಯಿಯವರೆಗೆ ಯಾವ ಬೇಡಿಕೆ ಚೀಟಿ ಬಂದರೂ ಅದರಲ್ಲಿ ಒಂದಿಷ್ಟನ್ನು ಕತ್ತರಿಸದೆ ಸಹಿ ಹಾಕಿದವನಲ್ಲ. ಹತ್ತು ಕೇಳಿದರೆ ಆರು ಕೊಡುವುದು, ಆರು ಕೇಳಿದರೆ ಮುಂದಿನ ತಿಂಗಳು ನೋಡೋಣ ಎನ್ನುವುದು. ಇದನ್ನು ಹೆಮ್ಮೆಯಿಂದಲೇ ಹೇಳಿಕೊಂಡು ತಿರುಗುತ್ತಿದ್ದೆ. ಓದೋ ಅಕ್ಕನ ಬಗ್ಗೆ ಬರೆಯಲು ಕುಳಿತು ನನ್ನ ಪುರಾಣ ಶುರು ಮಾಡಿದ್ದೇಕೆಂದರೆ, ಅವರ ಬದುಕಿನಲ್ಲಿ ಏಳು ತಿಂಗಳನ್ನು ಕತ್ತರಿಸಿ ಎಸೆದವನು ನಾನೇ.

ನಮ್ಮದು ಕಣ್ಣು ಕಾಣದವರ ಗ್ರಂಥಾಲಯ. ಕಪಾಟುಗಳಲ್ಲಿ ಪುಸ್ತಕಗಳ ಬದಲು ಡಿಸ್ಕುಗಳಿವೆ. ಹೊರಗಿನ ಕೆಲವರು ಸಂಬಳವಿಲ್ಲದೆ ಪುಸ್ತಕ ಓದಿ ರೆಕಾರ್ಡ್ ಮಾಡಿ ಕೊಡುತ್ತಾರೆ, ಸದಸ್ಯರು ಅವನ್ನು ಮನೆಗೆ ಒಯ್ದು ಕೇಳುತ್ತಾರೆ. ಓದುವವರಲ್ಲಿ ಬಹಳ ಜನ ಆರಂಭಶೂರರು. ಮೊದಲ ಅಧ್ಯಾಯವನ್ನು ನಾಟಕದವರ ಹಾಗೆ ಓದುತ್ತಾರೆ, ಮೂರನೆಯದಕ್ಕೆ ಗಂಟಲು ಕೆಡುತ್ತದೆ, ಐದನೆಯದಕ್ಕೆ ಫೋನ್ ಎತ್ತುವುದಿಲ್ಲ. ಹನ್ನೆರಡು ವರ್ಷ ಒಂದೇ ಸಮನೆ ಓದಿದವರು ಒಬ್ಬರೇ. ಅವರನ್ನು ಎಲ್ಲರೂ ಓದೋ ಅಕ್ಕ ಎನ್ನುತ್ತಿದ್ದರು. ಅವರಿಗಿಂತ ದೊಡ್ಡವರೂ ಅಕ್ಕ ಎನ್ನುತ್ತಿದ್ದರು.

ಅಕ್ಕ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಆಳು ಕುಳ್ಳು, ಕೈಕಾಲು ಕಡ್ಡಿ, ದನಿ ಮಾತ್ರ ಕೇಳುವವರ ಬೆನ್ನು ಸವರುವಂಥದು. ಆ ದನಿಗೆ ಮರುಳಾಗಿ ಒಮ್ಮೆ ಒಬ್ಬ ಬಟ್ಟೆ ಅಂಗಡಿಯವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎಕ್ಸ್‌ಚೇಂಜಿನ ಬಾಗಿಲಿಗೇ ಬಂದಿದ್ದನಂತೆ. ಇವರು ಹೊರಗೆ ಬಂದರೆ ಮೇಲಿಂದ ಕೆಳಗೆ ನೋಡಿ, “ಆ ದನಿಯವರು ಇಲ್ವಾ?” ಎಂದನಂತೆ. “ಇಲ್ಲ, ಊಟಕ್ಕೆ ಹೋಗಿದ್ದಾರೆ,” ಎಂದು ಒಳಗೆ ಬಂದು ಕೂತರಂತೆ. ಈ ಕಥೆಯನ್ನು ಅವರೇ ನಗುತ್ತಾ ಹೇಳುತ್ತಿದ್ದರು. ಆಮೇಲೆ ಯಾರೂ ಬರಲಿಲ್ಲ ಎಂಬುದನ್ನು ಮಾತ್ರ ನಗದೆ ಹೇಳುತ್ತಿದ್ದರು.

ಮದುವೆಯಾಗಲಿಲ್ಲ. ಒಡಹುಟ್ಟಿದ ಅಕ್ಕನೊಬ್ಬಳಿದ್ದಳು, ಅವಳಿಗೂ ಇವರಿಗೂ ಸೇರಿ ಇಸ್ತ್ರಿ ಅಂಗಡಿಯ ಮೇಲಿನ ಎರಡು ಕೋಣೆ. ಆ ಅಕ್ಕನಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಯಿತು. ಅಂದಿನಿಂದ ಇವರು ಕೆಲಸ ಮುಗಿಸಿ ಬಂದು ಪೇಪರು, ವಾರಪತ್ರಿಕೆ, ಕಾದಂಬರಿ, ಕೊನೆಗೆ ಔಷಧದ ಡಬ್ಬಿಯ ಮೇಲಿನ ಸೂಚನೆಯನ್ನೂ ಓದಿ ಹೇಳಬೇಕಾಯಿತು. ಒಂಬತ್ತು ವರ್ಷ ಹಾಗೆ ನಡೆಯಿತು. “ಅಕ್ಷರ ನುಂಗಬೇಡ ಕಣೇ, ನಿನಗೇನು ಊಟ ಹಾಕಿಲ್ವಾ?” ಎಂದು ಆಕೆ ಬೈಯುತ್ತಿದ್ದಳಂತೆ. ಆ ಬೈಗುಳದಿಂದಲೇ ಇವರ ಓದು ಪಳಗಿದ್ದು. ಆ ಅಕ್ಕ ಸತ್ತ ಮೇಲೂ ಇವರು ಒಂದು ತಿಂಗಳು ಪೇಪರನ್ನು ಗಟ್ಟಿಯಾಗಿ ಓದುತ್ತಿದ್ದರಂತೆ. ಕೆಳಗಿನ ಇಸ್ತ್ರಿಯವನು ಒಂದು ದಿನ, “ಯಾರ ಜೊತೆ ಮಾತಾಡ್ತೀರಮ್ಮಾ?” ಎಂದು ಕೇಳಿದ ಮೇಲೆ ನಾಚಿಕೆಯಾಗಿ, ನಮ್ಮ ಗ್ರಂಥಾಲಯದ ಬಾಗಿಲಿಗೆ ಬಂದರು.

ನಮ್ಮಲ್ಲಿ ರೆಕಾರ್ಡಿಂಗಿಗೆ ಬೇರೆ ಕೋಣೆ ಇರಲಿಲ್ಲ, ಹಾಗಾಗಿ ಯಂತ್ರವನ್ನೇ ಅವರ ಮನೆಗೆ ಕೊಟ್ಟೆವು. ಅದು ಕಂಪ್ಯೂಟರಲ್ಲ. ಹಾಡು ರೆಕಾರ್ಡ್ ಮಾಡುವುದಕ್ಕೆಂದೇ ಮಾಡಿದ ಒಂದು ಕಪ್ಪು ಪೆಟ್ಟಿಗೆ. ಡಿಸ್ಕ್ ಇಟ್ಟು, ಕೆಂಪು ಗುಂಡಿ ಒತ್ತಿ, ಮೈಕಿನಲ್ಲಿ ಮಾತಾಡಿದರೆ ಹಸಿರು ದೀಪಗಳ ಸಾಲು ಕುಣಿಯುತ್ತದೆ. ಅಕ್ಕ ಕಿಟಕಿಗೆ ದಪ್ಪ ಕಂಬಳಿ ಹೊದಿಸಿ, ಫ್ಯಾನ್ ಆರಿಸಿ, ಬೀದಿ ನಿದ್ದೆ ಮಾಡುವ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬೆವರು ಸುರಿಸಿಕೊಂಡು ಓದುತ್ತಿದ್ದರು. “ಆ ಹೊತ್ತಿಗೆ ಕೇಳೋರು ಎದುರಿಗೇ ಕೂತಿರ್ತಾರೆ ಅನ್ಸುತ್ತೆ, ಸ್ಟೋರಪ್ಪನವರೇ,” ಎನ್ನುತ್ತಿದ್ದರು. ನನ್ನನ್ನು ಸ್ಟೋರಪ್ಪ ಎಂದು ಕರೆಯುತ್ತಿದ್ದವರು ಅವರೊಬ್ಬರೇ. ಕತ್ತರಿಗಿಂತ ಎಷ್ಟೋ ವಾಸಿ.

ಈಗ ಡಿಸ್ಕಿನ ವಿಷಯ. ಆ ಯಂತ್ರಕ್ಕೆ ‘ಸಂಗೀತಕ್ಕಾಗಿ’ ಎಂದು ಅಚ್ಚು ಹಾಕಿದ ಖಾಲಿ ಡಿಸ್ಕುಗಳನ್ನೇ ತರಿಸುತ್ತಿದ್ದೆವು. ಸಾದಾ ಡಿಸ್ಕಿನ ಬೆಲೆಗೆ ಹೆಚ್ಚುಕಮ್ಮಿ ಮೂರರಷ್ಟು. ಒಮ್ಮೆ ಎರಡನ್ನೂ ಮೇಜಿನ ಮೇಲಿಟ್ಟು ನೋಡಿದೆ. ಅದೇ ಅಗಲ, ಅದೇ ತೂತು, ಅದೇ ಹೊಳಪು, ಬಣ್ಣದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಇದು ಮೂಗಿಗಿಂತ ಮೂಗುತಿ ಭಾರ ಎಂದು ಡಿಸ್ಕ್ ಅಂಗಡಿಯವನಿಗೆ ಫೋನ್ ಮಾಡಿದೆ.

“ದನಿಯಲ್ಲಿ ಏನಾದ್ರೂ ವ್ಯತ್ಯಾಸ ಇದೆಯೇನಯ್ಯಾ?”

“ದನಿಯಲ್ಲಿ ಏನೂ ಇಲ್ಲ ಸಾರ್. ಹೆಚ್ಚಿನ ದುಡ್ಡಲ್ಲಿ ಒಂದು ಪಾಲು ಹಾಡು ಮಾಡೋರಿಗೆ ಹೋಗುತ್ತಂತೆ. ಆದ್ರೆ ಸಾರ್, ಕೆಲವು ಮಿಶನ್ನು...”

“ನಮ್ಮಲ್ಲಿ ಯಾರೂ ಹಾಡಲ್ಲ, ಪುಸ್ತಕ ಓದ್ತಾರೆ. ಸಾದಾದ್ದೇ ಕಳಿಸು,” ಎಂದು ಫೋನ್ ಇಟ್ಟೆ.

ಅವನ ಮಾತನ್ನು ಪೂರ್ತಿ ಕೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಯಾರ ಮಾತನ್ನೂ ಪೂರ್ತಿ ಕೇಳುವ ಅಭ್ಯಾಸ ನನಗಿರಲಿಲ್ಲ. ಸ್ಟೋರಿನಲ್ಲಿ ಕೂತವನಿಗೆ ಎಲ್ಲರ ಮಾತೂ ಬೇಡಿಕೆಯಾಗಿಯೇ ಕೇಳಿಸುತ್ತದೆ.

ಸಾದಾ ಡಿಸ್ಕಿನ ಮೊದಲ ಕಟ್ಟು ತಲುಪಿದ ದಿನ ಅಕ್ಕ ಫೋನ್ ಮಾಡಿದರು. “ಸ್ಟೋರಪ್ಪನವರೇ, ಇವುಗಳ ಬಣ್ಣ ಬೇರೆ ಥರ ಇದ್ದ ಹಾಗಿದೆ. ಯಂತ್ರ ತಗೊಳ್ಳುತ್ತಾ?”

“ಡಿಸ್ಕು ಅಂದ್ಮೇಲೆ ತಗೊಳ್ಳದೆ ಏನ್ಮಾಡುತ್ತೆ? ಬಣ್ಣ ಕಟ್ಕೊಂಡು ಏನಾಗ್ಬೇಕಕ್ಕಾ, ಕೇಳೋರಿಗೆ ಹೇಗೂ ಕಣ್ಣಿಲ್ಲ.”

ಅವರು ಒಂದು ಕ್ಷಣ ಸುಮ್ಮನಿದ್ದು ನಕ್ಕರು. ಆ ಒಂದು ಕ್ಷಣ ಯಾಕೆ ಎಂದು ಆಗ ನಾನು ಯೋಚಿಸಲಿಲ್ಲ.

ಅಲ್ಲಿಂದ ಏಳು ತಿಂಗಳು ಡಿಸ್ಕುಗಳು ಬರುತ್ತಲೇ ಇದ್ದವು. ಬಂದ ಡಿಸ್ಕನ್ನು ಕೇಳಿ ನೋಡಲು ಮೊದಲು ಒಬ್ಬ ನೌಕರನಿದ್ದ. ಅವನು ನಿವೃತ್ತನಾದ ಮೇಲೆ ಆ ಜಾಗಕ್ಕೆ ಬೇರೆಯವರು ಬೇಡ, ಮುದ್ರೆ ಒತ್ತುವ ಕೆಲಸ ನಾನೇ ನೋಡಿಕೊಳ್ಳುತ್ತೇನೆ ಎಂದು ಬರೆದುಕೊಟ್ಟವನೂ ಈ ಕತ್ತರಿಯೇ. ‘ಪರೀಕ್ಷಿಸಲಾಗಿದೆ’ ಎಂಬ ಮುದ್ರೆಯನ್ನು ಪ್ರತಿ ಡಬ್ಬಿಯ ಮೇಲೂ ಒತ್ತುತ್ತಿದ್ದೆ. ನಿಜಕ್ಕೂ ಪರೀಕ್ಷಿಸುತ್ತಿದ್ದುದು ಮುದ್ರೆಯಲ್ಲಿ ಶಾಯಿ ಇದೆಯೇ ಎಂಬುದನ್ನು.

ವರ್ಷದ ಕೊನೆಗೆ ಮೇಲಧಿಕಾರಿ ಉಳಿತಾಯದ ವರದಿ ಕೇಳಿದರು. ನನಗೆ ಹಬ್ಬವೇ. ‘ವಿಶೇಷ ಅಚ್ಚಿನ ಡಿಸ್ಕಿಗೆ ಹೆಚ್ಚು ಹಣ ತೆರುವುದು ವ್ಯರ್ಥ’ ಎಂಬ ತಲೆಬರಹ ಬರೆದು, ಕೆಳಗೆ ಗೆರೆ ಎಳೆದು, ವರದಿಗೆ ತೂಕ ಬರಲಿ ಎಂದು ಎರಡೂ ಬಗೆಯ ಡಿಸ್ಕುಗಳನ್ನು ಒಂದರ ಪಕ್ಕ ಒಂದಿಟ್ಟು ಕೇಳಿಯೇ ಬಿಡೋಣ ಎಂದು ಕೂತೆ. ಹಳೆಯದನ್ನು ಹಾಕಿದರೆ ಅಕ್ಕನ ದನಿ ಬಂತು. ಹೊಸದನ್ನು ಹಾಕಿದರೆ ಏನೂ ಬರಲಿಲ್ಲ. ಪ್ಲೇಯರ್ ಕೆಟ್ಟಿತೆಂದು ಅದರ ತಲೆಗೊಂದು ತಟ್ಟಿದೆ. ಇನ್ನೊಂದು ಡಿಸ್ಕ್ ಹಾಕಿದೆ. ಮತ್ತೊಂದು. ಮಧ್ಯಾಹ್ನದೊಳಗೆ ಆ ಏಳು ತಿಂಗಳ ಮೂವತ್ತೆಂಟನ್ನೂ ಹಾಕಿ ತೆಗೆದೆ. ಒಂದರಲ್ಲೂ ಒಂದು ಉಸಿರೂ ಇರಲಿಲ್ಲ.

ಯಂತ್ರದ ಜೊತೆ ಬಂದು ಸ್ಟೋರಿನಲ್ಲೇ ಉಳಿದಿದ್ದ ಸೂಚನೆಯ ಪುಸ್ತಕವನ್ನು ಆ ದಿನ ಮೊದಲ ಬಾರಿ ತೆರೆದೆ. ಅಂಗಡಿಯವನು ಹೇಳಹೊರಟಿದ್ದು ಅದರಲ್ಲಿ ಮೂರನೆಯ ಪುಟದಲ್ಲೇ ಇತ್ತು. ‘ಸಂಗೀತಕ್ಕಾಗಿ’ ಎಂಬ ಡಿಸ್ಕಿನ ಒಳಗೆ ಒಂದು ಗುರುತು ಇರುತ್ತದೆ, ಈ ಬಗೆಯ ಯಂತ್ರ ಆ ಗುರುತು ಸಿಗದಿದ್ದರೆ ರೆಕಾರ್ಡ್ ಮಾಡುವುದಿಲ್ಲ, ಪುಟ್ಟ ಕಿಟಕಿಯಲ್ಲಿ ‘ಈ ಡಿಸ್ಕ್ ಆಗದು’ ಎಂದು ತೋರಿಸುತ್ತದೆ. ಆದರೂ ಮೈಕಿನ ಗುಂಡಿ ಹಾಕಿದ್ದರೆ ಹಸಿರು ದೀಪಗಳು ಮಾತಿಗೆ ಕುಣಿಯುತ್ತಲೇ ಇರುತ್ತವೆ. ಕಂಪ್ಯೂಟರಿನಲ್ಲಿ ಡಿಸ್ಕ್ ತುಂಬಿಸುವವರಿಗೆ ಆ ಹೆಚ್ಚಿನ ಬೆಲೆ ದಂಡ. ಈ ಪೆಟ್ಟಿಗೆಯವರಿಗೆ ಬೇರೆ ದಾರಿಯೇ ಇಲ್ಲ. ಇಷ್ಟೇ ವಿಷಯ. ಏಳು ತಿಂಗಳ ಓದು ನೀರಿನಲ್ಲಿ ಮಾಡಿದ ಹೋಮವಾಯಿತು.

ಒಂದು ಪ್ರಶ್ನೆ ಉಳಿಯಿತು. ಆ ಮೂವತ್ತೆಂಟರಲ್ಲಿ ಹನ್ನೊಂದು ಡಿಸ್ಕುಗಳು ಸದಸ್ಯರ ಮನೆಗೆ ಹೋಗಿ ವಾಪಸ್ಸು ಬಂದಿದ್ದವು. ಒಂದು ದೂರೂ ಇರಲಿಲ್ಲ. ಕೊನೆಯದಾಗಿ ಒಯ್ದವರು ಬೆತ್ತದ ಕುರ್ಚಿ ಹೆಣೆಯುವವರು. ಅವರಿಗೆ ಫೋನ್ ಮಾಡಿದೆ.

“ಓದೋ ಅಕ್ಕನ ಡಿಸ್ಕು ಕೇಳಿದ್ರಾ?”

“ಕೇಳಿದೆ ಸಾರ್. ಬಹಳ ಚೆನ್ನಾಗಿ ಓದಿದ್ದಾರೆ. ಕಣ್ಣಿಗೆ ಕಟ್ಟಿದ ಹಾಗಿತ್ತು.”

ಪಾಪ, ಒಳ್ಳೆಯ ಮನುಷ್ಯ. ನಮಗೆ ಬೇಜಾರಾಗದಿರಲಿ ಎಂದು ಹೇಳಿದ ಸುಳ್ಳು. ಥ್ಯಾಂಕ್ಸ್ ಹೇಳಿ ಫೋನಿಟ್ಟು ತಲೆಯ ಮೇಲೆ ಕೈ ಹೊತ್ತು ಕೂತೆ. ಡಿಸ್ಕು ಖಾಲಿಯಾಗಿದ್ದಕ್ಕಿಂತ ಇದು ಹೆಚ್ಚು ಚುಚ್ಚಿತು. ಏಳು ತಿಂಗಳಲ್ಲಿ ಆ ಹೆಂಗಸಿನ ದನಿಯನ್ನು ಒಬ್ಬರೂ ಕೇಳಿರಲಿಲ್ಲ, ಮತ್ತು ಅವರಿಗೆ ಅದು ಗೊತ್ತಿರಲಿಲ್ಲ. ಈಗ ಇದನ್ನು ಹೋಗಿ ಹೇಳಬೇಕಾದವನು ನಾನು.

ಮರುದಿನ ಮಧ್ಯಾಹ್ನ ಅಂಗಡಿಗೆ ಹೋಗಿ ನನ್ನ ಕೈಯಿಂದಲೇ ದುಡ್ಡು ಕೊಟ್ಟು ‘ಸಂಗೀತಕ್ಕಾಗಿ’ ಡಿಸ್ಕುಗಳ ಒಂದು ಪೆಟ್ಟಿಗೆ ಕೊಂಡೆ. ಹುಟ್ಟಾ ಜಿಪುಣನಿಗೆ ಪಶ್ಚಾತ್ತಾಪ ಬಂದರೆ ಹೀಗೆ, ಅಂಗಡಿಗೆ ಓಡುತ್ತಾನೆ. ಇಸ್ತ್ರಿ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಾಗ ಎರಡೂವರೆ. ಮೇಲೆ ಬಾಗಿಲು ಮುಚ್ಚಿತ್ತು, ಒಳಗೆ ಅಕ್ಕ ಓದುತ್ತಿದ್ದರು. ನಡುವೆ ಬಾಗಿಲು ಬಡಿಯಬಾರದೆಂದು ಅಲ್ಲೇ ನಿಂತೆ. ಹತ್ತು ನಿಮಿಷ ನಿಂತಿದ್ದಿರಬೇಕು. ಹೇಳಬೇಕಾದ ಮಾತನ್ನು ಪರೀಕ್ಷೆಗೆ ಹೊರಟವನಂತೆ ಮನಸ್ಸಿನಲ್ಲೇ ಉರು ಹೊಡೆಯುತ್ತಿದ್ದೆ. ಒಳಗಿನ ದನಿ ನಿಂತ ಕೂಡಲೇ ಬಾಗಿಲು ಬಡಿದೆ.

ಬಾಗಿಲು ತೆಗೆದವರು ನನ್ನ ಮುಖ ನೋಡದೆ ಭುಜದ ಕಡೆ ನೋಡಿದರು. “ಯಾರು?”

“ನಾನಕ್ಕಾ, ಸ್ಟೋರಪ್ಪ.”

“ಅಯ್ಯೋ, ಬನ್ನಿ ಬನ್ನಿ! ಏನಪ್ಪಾ ಇದು, ಸೂರ್ಯ ಈ ಕಡೆ ಹುಟ್ಟಿದಾನಾ? ಹನ್ನೆರಡು ವರ್ಷದಲ್ಲಿ ನೀವು ಈ ಮೆಟ್ಟಿಲು ಹತ್ತಿದ್ದು ಇದೇ ಮೊದಲು.”

ಕೋಣೆಯಲ್ಲಿ ಎರಡು ಕುರ್ಚಿ, ಒಂದರ ಮೇಲೆ ಮಡಿಸಿಟ್ಟ ಹಳೆಯ ಶಾಲು. ಮೇಜಿನ ಮೇಲೆ ಯಂತ್ರ. ಅದರ ಪುಟ್ಟ ಕಿಟಕಿಯಲ್ಲಿ ಕೆಂಪಕ್ಷರ ನನಗೆ ಬಾಗಿಲಿನಿಂದಲೇ ಕಾಣುತ್ತಿತ್ತು. ಈ ಡಿಸ್ಕ್ ಆಗದು. ಅದರ ಮುಂದೆ ಮೈಕ್, ಹೊತ್ತು ಅಳೆಯಲು ಕಿಣಿಕಿಣಿ ಎನ್ನುವ ಅಡುಗೆಮನೆಯ ಗಡಿಯಾರ. ಪುಸ್ತಕ ಮಾತ್ರ ಇರಲಿಲ್ಲ. ಹುಡುಕಿದೆ. ಅದು ಗೋಡೆಯ ಮೇಲಿನ ಹಲಗೆಯಲ್ಲಿ, ನಮ್ಮ ಗ್ರಂಥಾಲಯದ ಚೀಟಿ ಸಮೇತ, ಧೂಳು ಹಿಡಿದು ಮಲಗಿತ್ತು.

ಉರು ಹೊಡೆದದ್ದೆಲ್ಲ ಗಾಳಿಗೆ ಹೋಯಿತು. “ಅಕ್ಕಾ, ಈ ಏಳು ತಿಂಗಳ ಡಿಸ್ಕಲ್ಲಿ ಏನೂ ಇಲ್ಲ,” ಎಂದೆ. “ತಪ್ಪು ನಂದು. ನಾನು ಕಳಿಸಿದ ಡಿಸ್ಕನ್ನ ಯಂತ್ರ ತಗೊಂಡಿಲ್ಲ.”

“ಏನೂ ಇಲ್ವಾ?”

“ಒಂದಕ್ಷರಾನೂ ಇಲ್ಲ.”

ಅಳುತ್ತಾರೆ, ಇಲ್ಲವೇ ಬೈಯುತ್ತಾರೆ ಎಂದು ಕಾದೆ. ಅವರು ನಿಧಾನವಾಗಿ ಕುರ್ಚಿಯ ತೋಳು ಹಿಡಿದು ಕೂತು, ದೊಡ್ಡದೊಂದು ಉಸಿರು ಬಿಟ್ಟರು. “ಬದುಕಿಕೊಂಡೆ,” ಎಂದರು.

ಆಮೇಲೆ ಎಲ್ಲ ಹೇಳಿದರು. ಒಡಹುಟ್ಟಿದ ಅಕ್ಕನಿಗೆ ಬಂದ ಕಾಯಿಲೆಯೇ ಇವರಿಗೂ ಬಂದಿತ್ತು. ವರ್ಷದ ಹಿಂದೆ ಅಕ್ಷರಗಳ ನಡುವೆ ತೂತು ಬಿದ್ದಂತಾಯಿತು, ಆಮೇಲೆ ಸಾಲುಗಳೇ ಮಾಯವಾದವು. ಬಣ್ಣ, ಬೆಳಕು, ಆಕಾರ ಗೊತ್ತಾಗುತ್ತಿತ್ತು, ಅಕ್ಷರವಿಲ್ಲ. ಯಂತ್ರದ ಕಿಟಕಿಯಲ್ಲಿ ಏನೋ ಕೆಂಪಗಿದೆ ಎಂದಷ್ಟೇ ಕಂಡಿತ್ತು, ದೀಪ ಕುಣಿಯುತ್ತಿದೆಯಲ್ಲ ಎಂದು ಸುಮ್ಮನಾಗಿದ್ದರು. ನನ್ನನ್ನೇ ಕೇಳಿ ತಿಳಿಯೋಣವೆಂದು ಫೋನ್ ಮಾಡಿದ್ದರು. ನಾನು ಕಣ್ಣಿನ ತಮಾಷೆ ಮಾಡಿದ ಮೇಲೆ ಮತ್ತೆ ಬಾಯಿ ಬಿಡಲಿಲ್ಲ.

“ಹೇಳಿದ್ರೆ ಯಂತ್ರ ವಾಪಸ್ ತಗೊಂಡು ಹೋಗ್ತೀರಲ್ಲಪ್ಪಾ. ಆಮೇಲೆ ಈ ಎರಡರಿಂದ ನಾಲ್ಕು ಗಂಟೆ ನಾನು ಎಲ್ಲಿಗೆ ಹೋಗ್ಲಿ?”

“ಹಾಗಾದ್ರೆ ಓದ್ತಿದ್ದದ್ದು?”

“ಓದ್ತಿರ್ಲಿಲ್ಲ. ಹೇಳ್ತಿದ್ದೆ. ವಯಸ್ಸಲ್ಲಿ ಓದಿದ್ದ ಕಾದಂಬರಿ ಅದು, ಅರ್ಧ ನೆನಪಿತ್ತು. ಮನೆ ಬಾಡಿಗೆಗೆ ಕೊಡೋ ಒಬ್ಬ ಹೆಂಗಸು, ಅವಳ ಮಹಡಿಗೆ ಬಂದ ಒಬ್ಬ ಗಡಿಯಾರ ರಿಪೇರಿಯವನು. ಪುಸ್ತಕದಲ್ಲಿ ಅವನು ಒಂದಿನ ಹೇಳದೆ ಕೇಳದೆ ಹೊರಟುಹೋಗ್ತಾನೆ. ನನ್ನದರಲ್ಲಿ ಹೋಗ್ಲಿಲ್ಲ. ಹೋಗೋಕೆ ಬಿಡೋ ಮನಸ್ಸಾಗ್ಲಿಲ್ಲ. ಅಲ್ಲಿಂದ ಮುಂದೆ ಎಲ್ಲಾ ನಂದೇ. ಆಮೇಲೆ ಕಳಿಸಿದ ಎರಡು ಪುಸ್ತಕದ ಹೆಸರಲ್ಲೂ ಅದೇ ಕಥೆ ಮುಂದುವರಿಸಿದೆ. ದೊಡ್ಡ ಮೋಸ. ಯಾರಾದ್ರೂ ಪುಸ್ತಕ ಗೊತ್ತಿರೋರು ಕೇಳಿ ಕಳ್ಳಿ ಅಂತಾರೇನೋ ಅಂತ ಏಳು ತಿಂಗಳು ನಿದ್ದೆ ಇಲ್ಲ. ಆದ್ರೂ ಮಧ್ಯಾಹ್ನ ಆದ್ರೆ ತಡೆಯೋಕಾಗ್ತಿರ್ಲಿಲ್ಲ. ಜನ ಕಾಯ್ತಿರ್ತಾರೆ ಅನ್ನಿಸೋದು.” ಅವರು ನಕ್ಕರು. ಏಳು ತಿಂಗಳ ಭಾರ ಇಳಿದ ನಗು ಅದು. ಮರುಕ್ಷಣ ಹುಬ್ಬು ಗಂಟಿಕ್ಕಿತು. “ಹೌದೂ, ಖಾಲಿ ಅಂತ ನಿಮಗೆ ಹೇಗೆ ಗೊತ್ತಾಯ್ತು? ಯಾರು ದೂರು ಕೊಟ್ರು?”

ಈ ಪ್ರಶ್ನೆಗೆ ನಾನು ಹೆದರಿಯೇ ಬಂದಿದ್ದೆ. “ಸುಮಾರು ಜನ,” ಎಂದೆ. “ಓದೋ ಅಕ್ಕನ ದನಿ ಎಲ್ಲಿ ಅಂತ ಜೀವ ತಿಂದ್ರು.”

“ಯಾರ್ಯಾರು?”

“ಬೆತ್ತದ ಕುರ್ಚಿಯವರು... ಇನ್ನೂ ಒಂದಿಬ್ಬರು.”

“ಸ್ಟೋರಪ್ಪನವರೇ, ನಾನು ಮೂವತ್ತೊಂದು ವರ್ಷ ಬರೀ ದನಿ ಕೇಳಿ ಬದುಕಿದವಳು. ಸುಳ್ಳು ಹೇಳೋಕೆ ಮುಂಚೆ ಜನ ಒಂದು ಉಸಿರು ಜಾಸ್ತಿ ಎಳ್ಕೋತಾರೆ. ನಿಜ ಹೇಳಿ.”

ಹೇಳಿದೆ. ಹನ್ನೊಂದು ಡಿಸ್ಕು ಹೊರಗೆ ಹೋಗಿ ಬಂದದ್ದು, ಒಬ್ಬರೂ ಕೇಳದಿದ್ದದ್ದು, ಮುದ್ರೆ ಒತ್ತಿದ ನಾನೂ ಕೇಳದಿದ್ದದ್ದು. ಕುರ್ಚಿಯವರು ಹೊಗಳಿದ್ದನ್ನೂ ಹೇಳಿದೆ, ಅದನ್ನು ಹೇಳಬಾರದಿತ್ತು. ಅಕ್ಕನ ಕೈ ಮೇಜಿನ ಮೇಲೆ ಸರಿದು, ಗಡಿಯಾರವನ್ನು ಮುಟ್ಟಿ, ಹಾಗೇ ನಿಂತಿತು. ಕೆಳಗೆ ಇಸ್ತ್ರಿಯವನು ಬಟ್ಟೆಗೆ ನೀರು ಚಿಮುಕಿಸುವ ಸದ್ದು ಮೇಲಕ್ಕೆ ಕೇಳುತ್ತಿತ್ತು. ಇಷ್ಟು ಹೊತ್ತು ಮನೆಯಲ್ಲಿ ಜನರಿದ್ದು ಈಗ ಎದ್ದು ಹೋದ ಹಾಗಾಯಿತು.

“ಹಾಗಾದ್ರೆ ಇಸ್ತ್ರಿಯವನು ಅವತ್ತು ಯಾರ ಜೊತೆ ಮಾತಾಡ್ತೀರಿ ಅಂತ ಕೇಳಿದ್ದು ಸರಿಯಾಗೇ ಇತ್ತು,” ಎಂದರು ಕೊನೆಗೆ.

ನನಗೆ ತಡೆಯಲಾಗಲಿಲ್ಲ. ಡಿಸ್ಕಿನ ಪೆಟ್ಟಿಗೆಯನ್ನು ಅವರ ಮುಂದಿಟ್ಟೆ. “ಇವು ಸರಿಯಾದವು ಅಕ್ಕಾ. ಯಂತ್ರ ತಗೊಳ್ಳುತ್ತೆ. ಗುಂಡಿ ನಾನು ಒತ್ತುತ್ತೀನಿ, ಕಿಟಕೀಲಿ ಬರೋ ಅಕ್ಷರ ನಾನು ನೋಡ್ಕೋತೀನಿ. ಯಂತ್ರ ಯಾರೂ ಒಯ್ಯಲ್ಲ, ವರದೀಲಿ ತಪ್ಪು ನಂದು ಅಂತಾನೇ ಬರೀತೀನಿ. ನೀವು ಆ ಗಡಿಯಾರದವನ ಕಥೆ ಮೊದಲಿಂದ ಹೇಳಿ.”

“ಅದು ಈಗೆಲ್ಲಿ ಬರುತ್ತಪ್ಪಾ. ಕೇಳೋರು ಇದ್ದಾರೆ ಅಂದ್ಕೊಂಡು ಹೇಳ್ತಿದ್ದೆ. ಅವರೇ ಹೇಳಿಸ್ತಿದ್ರು ಅನ್ಸುತ್ತೆ.”

“ನಾನಿದ್ದೀನಲ್ಲ ಅಕ್ಕಾ. ನಾನು ಕೇಳ್ತೀನಿ.”

ಅವರು ಕಣ್ಣು ಕಿರಿದು ಮಾಡಿ ನನ್ನ ಮುಖವಿರಬೇಕಾದ ಕಡೆ ನೋಡಿದರು. ಅವರ ಮುಖದಲ್ಲಿ ಏನೋ ಆಸೆ ಮೂಡಿದ್ದು ನನಗೆ ಕಂಡಿತು.

“ಬಾಗಿಲು ಬಡಿಯೋಕೆ ಮುಂಚೆ ಹೊರಗೆ ನಿಂತಿದ್ರಿ, ಅಲ್ವಾ? ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯ್ತು. ಯಾರೋ ನಿಂತು ಕೇಳ್ತಿದ್ದಾರೆ ಅಂತ ಗೊತ್ತಾಗಿ ಇವತ್ತು ನಾನು ಎಷ್ಟು ಚೆನ್ನಾಗಿ ಹೇಳಿದೆ ಗೊತ್ತಾ? ಬಾಗಿಲ ಕಡೆಗೇ ತಿರುಗಿ ಹೇಳಿದೆ. ಎಷ್ಟೊತ್ತು ನಿಂತಿದ್ರಿ?”

“ಹತ್ತು ನಿಮಿಷ ಅಕ್ಕಾ.”

“ಆ ಹೆಂಗಸು ಅವನಿಗೆ ಕೊನೇಲಿ ಏನು ಹೇಳಿದ್ಲು?”

ನಾನು ಬಾಯಿ ತೆರೆದೆ. ತಲೆಯೊಳಗೆ ನಾನು ಉರು ಹೊಡೆದ ಕ್ಷಮಾಪಣೆ ಬಿಟ್ಟರೆ ಬೇರೆ ಒಂದು ಮಾತೂ ಇರಲಿಲ್ಲ. ಹತ್ತು ನಿಮಿಷ ಬಾಗಿಲಿಗೆ ಕಿವಿ ಕೊಟ್ಟು ನಿಂತು ನಾನು ಕೇಳಿಸಿಕೊಂಡದ್ದು ನನ್ನ ಮಾತನ್ನೇ.

“ಪೂರ್ತಿ ಬೇಡ,” ಎಂದರು ಅಕ್ಕ ಮೆಲ್ಲಗೆ. “ಒಂದು ಪದ ಹೇಳಿ ಸಾಕು.” ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕತ್ತನ್ನು ಕೊಂಚ ನನ್ನ ಕಡೆ ಬಾಗಿಸಿ ಅವರು ಕಾಯುತ್ತಾ ಕೂತರು.